ಡಯಾಲಿಸಿಸ್ ಬೆಡ್ಡಿನಿಂದ ಒಂದು ಸಾಕ್ಷಿ

ನನ್ನ ಎರಡೂ ಕಿಡ್ನಿ ಕೈಕೊಟ್ಟು ಕೆಲವು ವರ್ಷಗಳಾದವು. ಮನೆ ಹೊಳೆನರಸೀಪುರದಲ್ಲಿ, ಡಯಾಲಿಸಿಸ್ ಹಾಸನದಲ್ಲಿ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಎಡಗೈಯಲ್ಲಿ ರಕ್ತನಾಳ ಜೋಡಿಸಿ ಮಾಡಿದ ಫಿಸ್ಟುಲಾಗೆ ಎರಡು ದಪ್ಪ ಸೂಜಿ ಚುಚ್ಚುತ್ತಾರೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಶುದ್ಧವಾಗಿ ಇನ್ನೊಂದರಿಂದ ಮೈಗೆ ಮರಳುತ್ತದೆ. ಮೂತ್ರ ಹೋಗದವನಿಗೆ ಕುಡಿಯುವ ನೀರಿಗೂ ಲೆಕ್ಕ. ಬೇಸಿಗೆಯಲ್ಲಿ ಬಾಯಿ ಒಣಗಿದರೆ ಐಸಿನ ಚೂರು ಚೀಪಿ ಸುಮ್ಮನಿರಬೇಕು. ಕಡೆಯ ಗಂಟೆಯಲ್ಲಿ ಬಿ.ಪಿ. ಇಳಿದು ಮೀನಖಂಡ ಹಿಡಿದುಕೊಂಡಾಗ ಯೇಸುವಿನ ಹೆಸರೂ ನಾಲಗೆಗೆ ಬರುವುದಿಲ್ಲ.

ಇದನ್ನೆಲ್ಲ ಹೇಗೋ ತಡೆದುಕೊಂಡೆ. ತಡೆಯಲಾಗದ್ದು ನಮ್ಮವರ ಮಾತು. ಅರಕಲಗೂಡಿನ ನೆಂಟರು ನನ್ನನ್ನು ಒಂದು ಸ್ವಸ್ಥತಾ ಕೂಟಕ್ಕೆ ಕರೆದುಕೊಂಡು ಹೋಗಿದ್ದರು. ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಮುಂದಿನ ರಿಪೋರ್ಟಿನಲ್ಲಿ ಏನೂ ಬದಲಾಗಿರಲಿಲ್ಲ. "ಬ್ರದರ್, ದೇವರು ಸಿದ್ಧವಾಗೇ ಇದ್ದಾರೆ, ನಿಮ್ಮ ನಂಬಿಕೆ ಸಾಲದು. ಮತ್ತೆ ಮತ್ತೆ ಸೂಜಿಗೆ ಕೈ ಕೊಡೋದೇ ಅವಿಶ್ವಾಸ" ಎಂದರು. ನಾನು ಚಿಕಿತ್ಸೆ ಬಿಡಲಿಲ್ಲ. ಮಾತು ಮಾತ್ರ ಒಳಗೆ ಕೂತುಬಿಟ್ಟಿತು. ರಾತ್ರಿ ಎದ್ದು ಮೊಣಕಾಲೂರಿ, ನಂಬಿಕೆ ಹೆಚ್ಚಿಸಿಕೊಳ್ಳಲು ಹೆಣಗುತ್ತಿದ್ದೆ. ಎಷ್ಟು ನಂಬಿದರೆ ಸಾಕೆಂದು ಯಾರಿಗೂ ಗೊತ್ತಿರಲಿಲ್ಲ. ಬಡ್ಡಿ ಕಟ್ಟಿದಷ್ಟೂ ಅಸಲು ತೀರದ ಸಾಲದಂತಾಯಿತು ನನ್ನ ಪ್ರಾರ್ಥನೆ.

ನಮ್ಮಪ್ಪ ಸಿ.ಎಸ್.ಐ. ಎಂಬ ಪ್ರೊಟೆಸ್ಟಂಟ್ ಸಭೆಯವರು. ಅವ್ವ ಶೆಟ್ಟಿಹಳ್ಳಿಯ ಕಥೋಲಿಕ ಮನೆಯ ಮಗಳು. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು, ಶೆಟ್ಟಿಹಳ್ಳಿ ಹಿನ್ನೀರಿನ ಪಾಲಾಯಿತು. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚಿನ ಗೋಡೆಗಳು ಇವತ್ತಿಗೂ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತವೆ. ನನ್ನ ಒದ್ದಾಟ ನೋಡಲಾರದೆ ಅವ್ವ ಒಂದು ದಿನ ಅಂದಳು: "ಊರು ಉಳೀಲಿ ಅಂತ ನಿಮ್ಮಜ್ಜಿ ಜಪಸರ ಕೆಳಗಿಡಲಿಲ್ಲ ಕಣಪ್ಪ. ಆದ್ರೂ ನೀರು ಬಂತು. ಹಂಗಂತ ಅವಳ ನಂಬಿಕೆ ಸುಳ್ಳಾಗಿತ್ತಾ? ಹೊಸ ಊರಲ್ಲಿ ಪೂಜೆಗೆ ಅವಳೇ ಮೊದಲು ಹೋಗಿ ಕೂತ್ಕೋತಿದ್ಲು."

ಅದೇ ವಾರ ನಮ್ಮ ಸಭಾಪಾಲಕರು ಬಂದರು. ಪ್ರಾರ್ಥನೆಗೆ ಮೊದಲು ಮಾರ್ಕನ ಸುವಾರ್ತೆಯ ಎರಡನೇ ಅಧ್ಯಾಯ ತೆರೆದರು. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಬಿಚ್ಚಿ ಇಳಿಸಿದ ಕಥೆ. ಸಂಡೇ ಸ್ಕೂಲಿನಿಂದ ಕೇಳಿದ್ದೇ. ಯೇಸು ಕ್ಷಮೆಯ ಮಾತಾಡಿದ್ದು "ಅವರ" ನಂಬಿಕೆಯನ್ನು ಕಂಡು. ಮಲಗಿದ್ದವನು ತುಟಿ ಬಿಚ್ಚಿದ್ದು ಆ ಕಥೆಯಲ್ಲೆಲ್ಲೂ ಇಲ್ಲ. ಪೌಲನ ವಿಷಯವನ್ನೂ ನೆನಪಿಸಿದರು. ಶರೀರದಲ್ಲಿ ನಾಟಿದ ಮುಳ್ಳು ಹೋಗಲೆಂದು ಅವನು ಮೂರು ಸಲ ಬೇಡಿದ. ಮುಳ್ಳು ಹೋಗಲಿಲ್ಲ, ಕೃಪೆ ಸಾಕೆಂಬ ಉತ್ತರ ಬಂತು. ಪೌಲನಿಗೇ ನಂಬಿಕೆ ಕಡಿಮೆಯಿತ್ತೆಂದು ಯಾರಾದರೂ ಹೇಳುತ್ತಾರೆಯೇ?

ಅಲ್ಲಿಂದ ನನ್ನ ಲೆಕ್ಕ ತಿರುಗಿತು. ಕೃಪೆ ಮೊದಲು, ನಂಬಿಕೆ ಆಮೇಲೆ. ದೇವರು ಕೊಟ್ಟದ್ದಕ್ಕೆ ಹೂಂ ಅನ್ನುವುದೇ ನಂಬಿಕೆ. ಹೂಂ ಅನ್ನಲು ಬೇಕಾದ ಉಸಿರನ್ನೂ ಆತನೇ ಕೊಡಬೇಕು. ಈ ವಿಷಯಕ್ಕೆ ಶತಮಾನಗಳ ಕಾಲ ಕಿತ್ತಾಡಿದ ಕಥೋಲಿಕರೂ ಲೂಥರನ್ನರೂ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು: ದೇವರು ನಮ್ಮನ್ನು ಸ್ವೀಕರಿಸುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ ಮಾತ್ರ. 2006ರಲ್ಲಿ ಮೆಥಡಿಸ್ಟರೂ ಒಪ್ಪಿದರು. ಅವ್ವನ ಸಭೆಯೂ ಅಪ್ಪನ ಸಭೆಯೂ ನನ್ನ ಹಾಸಿಗೆಯ ಪಕ್ಕದಲ್ಲಿ ಹೇಳಿದ್ದು ಇದನ್ನೇ.

ಆಮೇಲೆ ನನ್ನನ್ನು ಹೊತ್ತವರು ಕಣ್ಣಿಗೆ ಬಿದ್ದರು. ನಾನು ಮಲಗಿದಾಗ ಚನ್ನರಾಯಪಟ್ಟಣದಿಂದ ಬಂದು ಅಡುಗೆಮನೆ ಹಿಡಿದ ಅಕ್ಕ. ಬೆಳಗಿನ ಜಾವ ಬಸ್ ಸ್ಟ್ಯಾಂಡಿಗೆ ಬಿಡುವ, ಕಾಸು ಕೊಟ್ಟರೆ ಬೈಯುವ, ಚರ್ಚಿನ ಮೆಟ್ಟಿಲೇ ಹತ್ತದ ಆಟೊದವನು. ಮೀನಖಂಡ ಹಿಡಿದಾಗ ಪಾದ ಒತ್ತಿ ಹಿಡಿಯುವ ನರ್ಸಮ್ಮ. ಇವರಲ್ಲಿ ಒಬ್ಬರನ್ನೂ ನಾನು ನಂಬಿಕೆ ತೋರಿಸಿ ಗಳಿಸಿಲ್ಲ. ಪ್ರಾರ್ಥನೆ ಬಾಯಿಗೆ ಬಾರದ ದಿನ ಈಗ ಹೆದರುವುದಿಲ್ಲ. ಹೊಸದಾಗಿ ಬಂದ ರೋಗಿ ಸೂಜಿಗೆ ಬೆದರಿದರೆ ಪಕ್ಕದ ಬೆಡ್ಡಿನಿಂದ ಮಾತಾಡಿಸುತ್ತೇನೆ.

ನನಗೆ ಗುಣವಾಗಿಲ್ಲ, ಡಯಾಲಿಸಿಸ್ ನಡೆಯುತ್ತಿದೆ. ಓದುವವರಲ್ಲಿ ಒಂದೇ ಕೋರಿಕೆ: ಕಾಯಿಲೆಯವರ ಮನೆಗೆ ಹೋದಾಗ ಅವರ ನಂಬಿಕೆಯನ್ನು ತೂಗಬೇಡಿ. ಪ್ರಾರ್ಥನೆ ಮಾಡಿ, ಆಮೇಲೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ.