ಸುಣ್ಣದ ಮಡಕೆ

ಧರ್ಮಪುರಿಯಿಂದ ಸೇಲಂ ಕಡೆಗೆ ಸಾಗುವ ಹಳೆಯ ಹಾದಿಗಳ ಅಂಚಿನಲ್ಲಿ ತಾಳೆಮರಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಯಾರೂ ನೀರೆರೆಯದೆ ಬೆಳೆದು ನೂರು ವರ್ಷ ಬಾಳಬಲ್ಲ ಮರಗಳಿವು. ಕನ್ನಡದ ಕಾವ್ಯಗಳನ್ನು ಶತಮಾನಗಳ ಕಾಲ ಹೊತ್ತು ಕಾಪಾಡಿದ್ದು ತಾಳೆಯ ಗರಿಯೇ. ತಮಿಳುನಾಡಿಗೆ ಇದು ರಾಜ್ಯವೃಕ್ಷ.

ಈ ಮರಗಳನ್ನೇರುವ ವೃದ್ಧರೊಬ್ಬರು ಧರ್ಮಪುರಿ ಜಿಲ್ಲೆಯ ಹಳ್ಳಿಯೊಂದರಲ್ಲಿದ್ದಾರೆ. ಬೇಸಿಗೆ ಸಮೀಪಿಸಿದೊಡನೆ ಹೂಗೊಂಚಲನ್ನು ಬಿಗಿದು, ತುದಿಯನ್ನು ತೆಳ್ಳಗೆ ಕೊಯ್ದು, ಮಡಕೆ ಕಟ್ಟುತ್ತಾರೆ. ಬೆಳಗ್ಗೆ, ಸಂಜೆ ಮತ್ತೆ ಕೊಯ್ಯಬೇಕು. ತಪ್ಪಿದರೆ ಗಾಯ ಒಣಗಿ ರಸ ನಿಲ್ಲುತ್ತದೆ. ಆದುದರಿಂದ ಜ್ವರವಿದ್ದರೂ ಅವರು ಮರ ಏರಲೇಬೇಕು.

ಕನ್ನಡ ಶಾಲೆಯಲ್ಲಿ ಓದುವ ಮೊಮ್ಮಗ ಒಂದು ದಿನ ಕೇಳಿದ: “ತಾತ, ಮಡಕೆಯೊಳಗೆ ಸುಣ್ಣ ಯಾಕೆ?”

“ಸುಣ್ಣವಿದ್ದರೆ ಪದನೀರು ಕಣೋ, ಇಲ್ಲದಿದ್ದರೆ ಹೆಂಡ. ಹೆಂಡವಾದರೆ ಪೊಲೀಸು.”

ಮರ ಕೊಡುವುದು ಸಿಹಿರಸವನ್ನೇ. ಬಿಸಿಲೇರಿದಂತೆ ಅದು ಹುಳಿಯುತ್ತದೆ. ಸುಣ್ಣ ಆ ಹುಳಿಯುವಿಕೆಯನ್ನು ತಡೆಯುತ್ತದೆ. ಕಾನೂನಿನ ಗೆರೆಯೂ ಅಲ್ಲಿಯೇ ಇದೆ. ಆ ಗೆರೆ ಮೊದಲು ಬಿದ್ದದ್ದು ಈ ನೆಲದಲ್ಲೇ. ಸೇಲಂನಲ್ಲಿ ವಕೀಲರಾಗಿದ್ದ ಸಿ. ರಾಜಗೋಪಾಲಾಚಾರಿಯವರು ಮದರಾಸು ಪ್ರಾಂತ್ಯದ ಆಡಳಿತ ಸೂತ್ರ ಹಿಡಿದಾಗ, 1937ರ ಅಕ್ಟೋಬರ್ 1ರಂದು ಪಾನನಿಷೇಧವನ್ನು ಮೊದಲು ಸೇಲಂ ಜಿಲ್ಲೆಯಲ್ಲಿ ಜಾರಿಗೆ ತಂದರು. ಧರ್ಮಪುರಿ ಅಂದು ಅದರ ಭಾಗ. ಪ್ರತ್ಯೇಕ ಜಿಲ್ಲೆಯಾದದ್ದು 1965ರಲ್ಲಿ. ಕುಡಿತದಿಂದ ನೊಂದ ಮನೆಗಳಿಗೆ ಅದು ನೆಮ್ಮದಿ ತಂದಿತು. ಮರವೇರುವವರ ಕೈಯ ಕೆಲಸವನ್ನು ಕಸಿದುಕೊಂಡಿತು. ಎರಡೂ ಸತ್ಯ. ಇಂದು ಹೆಂಡಕ್ಕೆ ನಿಷೇಧವಿದೆ. ಬಾಟಲಿಯ ಮದ್ಯವನ್ನು ಮಾತ್ರ 2003ರಿಂದ ಸರ್ಕಾರಿ ನಿಗಮದ ಅಂಗಡಿಗಳೇ ಮಾರುತ್ತಿವೆ.

ವೃದ್ಧರ ಮನೆಯಲ್ಲಿ ರಸ ಒಲೆಗೇರುತ್ತದೆ. ಸೊಸೆ ಗಂಟೆಗಟ್ಟಲೆ ಕಾಯಿಸಿ ಕರಿಬೆಲ್ಲ ಅಚ್ಚು ಹಾಕುತ್ತಾಳೆ. ಹುಡುಗನ ಪುಸ್ತಕ, ಬಟ್ಟೆಗಳಿಗೆ ಹಣ ಒದಗುವುದು ಅದರಿಂದಲೇ. ಆದರೆ ರಸ್ತೆ ಅಗಲವಾದಂತೆ ಮರಗಳು ಕಡಿಮೆಯಾಗಿವೆ. ತಾಳೆಯನ್ನು ಕಡಿಯಲು ಜಿಲ್ಲಾಧಿಕಾರಿಯ ಅನುಮತಿ ಬೇಕೆಂದು ಸರ್ಕಾರ 2021ರಲ್ಲಿ ಸಾರಿತು. ಅನುಮತಿಯ ಕಾಗದ ಮರವನ್ನು ಉಳಿಸಬಹುದು; ಏರುವವನನ್ನು ಹುಟ್ಟಿಸಲಾರದು.

“ನಾನೂ ಏರುತ್ತೇನೆ” ಎಂದ ಹುಡುಗನಿಗೆ ತಾತ ಒಪ್ಪಲಿಲ್ಲ. ಬಿದ್ದು ಸೊಂಟ ಮುರಿದವರನ್ನು ಅವರು ಕಂಡಿದ್ದಾರೆ. “ನೀನು ಓದು” ಎಂದಷ್ಟೇ ಹೇಳಿದರು.

ಹುಡುಗ ಹೊಲದ ಬದುವಿನಲ್ಲಿ ತಾಳೆಬೀಜಗಳನ್ನು ಸಾಲಾಗಿ ಹೂತ. ಅವು ರಸ ಕೊಡಲು ಹದಿನೈದು ವರ್ಷವಾದರೂ ಬೇಕು. ತಾತ ಲೆಕ್ಕ ಹಾಕಿದರು, ಏನೂ ಹೇಳಲಿಲ್ಲ. ಮರುದಿನ ಮುಳ್ಳು ತಂದು ಬೇಲಿ ಕಟ್ಟಿದರು.