ಹಾಡಿಕಿಯ ಮುಂಚಿನ ಸಂಜೆ

ಗೋಕಾಕ, ಮೂಡಲಗಿ, ಹುಕ್ಕೇರಿ ಎಂದರೆ ಹಾಡಿನ ಸೀಮೆ. ಕುಲಗೋಡ ತಮ್ಮಣ್ಣನ ಪಾರಿಜಾತವನ್ನೂ ಕೌಜಲಗಿ ನಿಂಗಮ್ಮನ ದನಿಯನ್ನೂ ಕೇಳಿ ಬೆಳೆದ ನೆಲ. ಇಲ್ಲಿಯ ಹಳ್ಳಿಯಲ್ಲಿ ಜಾತ್ರೆಯ ರಾತ್ರಿ ಹರದೇಶಿ–ನಾಗೇಶಿ ಹಾಡಿಕಿ ಇದೆಯೆಂದರೆ ಮಧ್ಯಾಹ್ನದಿಂದಲೇ ಊರಿಗೆ ಕಳೆ. ಗುಡಿಯ ಮುಂದೆ ಚಪ್ಪರ ಏಳುತ್ತದೆ. ಬೀಗರು ಬಂದಿಳಿಯುತ್ತಾರೆ. ಒಳಗೆ ಹೋಳಿಗೆ ಬೇಯುತ್ತಿದ್ದರೆ ಹೊರಗೆ ಕಟ್ಟೆಯ ಮೇಲೆ, ‘ಈ ಸಲ ಯಾರ ಕೈ ಮೇಲು?’ ಎಂಬ ವಾದ. ಹುಡುಗರು ಚಾಪೆ ಹಾಸಿ ಮುಂದಿನ ಜಾಗ ಹಿಡಿಯುತ್ತಾರೆ.

ಹರದೇಶಿಯವರದು ಶಿವನ, ಎಂದರೆ ಗಂಡಿನ ಪಕ್ಷ. ನಾಗೇಶಿಯವರದು ಶಕ್ತಿಯ, ಹೆಣ್ಣಿನ ಪಕ್ಷ. ದಪ್ಪು, ತುಂತುಣಿ, ತಾಳಗಳ ನಡುವೆ ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಉತ್ತರ ಕೊಡಬೇಕು. ಪುರಾಣ ತಿಳಿಯದಿದ್ದರೆ ಎಂಥ ಇಂಪಾದ ಕಂಠವೂ ಸಾಲದು. ಗಡಿಯಾಚೆಯ ಮರಾಠಿ ಶಾಹೀರರಲ್ಲೂ ಇದೇ ಕಲ್ಗಿ–ತುರಾ ಜಿದ್ದು ಉಂಟು.

1956ರಲ್ಲಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ಆರಂಭವಾದ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಅಂಕ ಎಣಿಸಿ ಗೆದ್ದವರನ್ನು ಸಾರುತ್ತಾರೆ. ಇಲ್ಲಿ ಉತ್ತರ ಹೊಳೆಯದೆ ತಡವರಿಸಿದ ಗಳಿಗೆಯನ್ನು ಊರೇ ಕಂಡಿರುತ್ತದೆ. ಶಿವನಿಲ್ಲದೆ ಶಕ್ತಿಯಿಲ್ಲ, ಶಕ್ತಿಯಿಲ್ಲದೆ ಶಿವನಿಲ್ಲ ಎಂಬಲ್ಲಿಗೆ ಜಗಳ ಮುಗಿಯುವುದೂ ಉಂಟು.

ಆದರೆ ಮನೆಯಲ್ಲಿ ಗಂಡಿನ ಮಾತೇ ನಡೆಯುವ ಊರಿನಲ್ಲಿ ಆ ಒಂದು ರಾತ್ರಿ ಹೆಣ್ಣಿನ ಹಿರಿಮೆ ಎಲ್ಲರೆದುರು ವಾದಕ್ಕೆ ನಿಲ್ಲುತ್ತದೆ. ಅದಕ್ಕೇ ಸಂಜೆ ಹೋಳಿಗೆ ಬೇಯಿಸುವ ಕೈಗಳಿಗೆ ಅಷ್ಟು ಅವಸರ.