ಮೂರನೆಯ ತಟ್ಟೆ

ಮುಟ್ಟಬೇಡ ಎನ್ನುವುದು ನಮ್ಮ ಕೇರಿಯ ಮಕ್ಕಳು ಕಲಿಯುವ ಮೊದಲ ಪಾಠ. ಅದಕ್ಕೆ ಸ್ಲೇಟು ಬಳಪ ಬೇಡ, ಮೇಷ್ಟ್ರೂ ಬೇಡ. ಹೋಟೆಲಿನ ಲೋಟ, ದೇವಸ್ಥಾನದ ಮೆಟ್ಟಿಲು, ಗೌಡರ ಮನೆಯ ಜಗಲಿ ಇವೇ ಪಾಠ ಹೇಳಿಕೊಡುತ್ತವೆ. ಇಂಥ ಮಕ್ಕಳನ್ನು ಕೂರಿಸಿಕೊಂಡು ಸರ್ಕಾರ ಒಂದು ದಿನ 'ಮುಟ್ಟಿ ನೋಡಿ, ಎಣಿಸಿ, ಜೋಡಿಸಿ, ಕಲೀರಿ' ಅಂದಿತು. ಇದರ ತಮಾಷೆ ನಮಗಲ್ಲದೆ ಇನ್ಯಾರಿಗೆ ತಿಳಿದೀತು?

ನಾವು ಹೇಳುತ್ತಿರುವುದು ನಲಿ-ಕಲಿಯ ಮಾತು. ಆಂಧ್ರದ ರಿಷಿ ವ್ಯಾಲಿಯ ಹಳ್ಳಿಶಾಲೆಗಳನ್ನು ನೋಡಿಬಂದ ಸರ್ಕಾರಿ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಅದನ್ನು ಶುರು ಮಾಡಿದರು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ನಾವು ಒಂದನೇ ಕ್ಲಾಸಿಗೆ ಸೇರಿದ್ದು ಆಗಲೇ. ನಮ್ಮ ಮನೆಗಳಲ್ಲಿ ನಮಗಿಂತ ಮುಂಚೆ ಅಕ್ಷರ ಕಂಡವರಿರಲಿಲ್ಲ. ರೇಷನ್ ಅಂಗಡೀಲಿ ಹೆಬ್ಬೆಟ್ಟು ಒತ್ತಿ ಬಂದ ಅವ್ವ ಅದೇ ಬೆರಳಿನ ನೀಲಿ ಮಸಿಯನ್ನು ಸೀರೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಆ ಕೋಣೆಯಲ್ಲಿ ಬೆಂಚಿರಲಿಲ್ಲ. ಮುಂದಿನ ಸಾಲು ಹಿಂದಿನ ಸಾಲು ಅನ್ನೋದೂ ಇರಲಿಲ್ಲ. ಬಾಲಕ ಅಂಬೇಡ್ಕರ್ ಮನೆಯಿಂದ ಗೋಣಿತಾಟು ಹೊತ್ತುಕೊಂಡು ಹೋಗಿ ಬೇರೆ ಕೂತ ದೇಶದಲ್ಲಿ ಇದೇನು ಸಣ್ಣ ಮಾತಲ್ಲ. ಗೋಡೆಯ ಕೆಳಭಾಗಕ್ಕೆ ಕರೀ ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಚೌಕ ಕೊಟ್ಟಿದ್ದರು. ಅಪ್ಪನ ಹೆಸರಲ್ಲಿ ಒಂದು ಗುಂಟೆ ಜಮೀನಿಲ್ಲ, ನಮಗೆ ಗೋಡೆಯಲ್ಲಿ ಜಾಗ! ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದರಲ್ಲಿ ನಾವೇ ಬರೆದ ಹುಲಿ, ತಮಟೆ, ಎಮ್ಮೆ. ಎಣಿಸಲು ಹುಣಸೆ ಬೀಜ. ಹತ್ತು ಕಡ್ಡಿ ಸೇರಿಸಿ ಒಂದು ಕಟ್ಟು. ಗೋಡೆಯ ಮೇಲೆ ಕಲಿಕೆಯ ಏಣಿ, ಮೆಟ್ಟಿಲಿಗೊಂದು ಕಾರ್ಡು. ಅವರವರ ಮೆಟ್ಟಿಲು ಅವರವರದು. ಅವ್ವ ಕೂಲಿಗೆ ಹೋದಾಗ ತಂಗಿಯನ್ನು ನೋಡಿಕೊಳ್ಳಲು ನಾವು ಹದಿನೈದು ದಿನ ಮನೆಯಲ್ಲಿ ಉಳಿದರೂ ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದಿತ್ತು. ಫೇಲು ಅನ್ನೋ ಮಾತಿಲ್ಲ. ನಮ್ಮ ಅಣ್ಣಂದಿರು ಎಷ್ಟು ಜನ ಆ ಒಂದು ಮಾತಿಗೇ ಶಾಲೆ ಬಿಟ್ಟು ದನ ಕಾಯಲು ಹೋದರೋ!

ಅಕ್ಷರಗಳೂ ಅಲ್ಲಿ ಸಾಲು ಮುರಿದಿದ್ದವು. ಅ ಆ ಇ ಈ ಅಂತ ಹುಟ್ಟಿನ ಕ್ರಮದಲ್ಲಿ ಬರುತ್ತಿರಲಿಲ್ಲ. ಮೊದಲು ರ ಗ ಸ ದ, ಆಮೇಲೆ ಅ. ಸಾವಿರಾರು ವರ್ಷ ತಲೆಯ ಮೇಲೆ ಕೂತಿದ್ದ 'ಅ'ಕಾರವನ್ನು ಐದನೇ ಜಾಗಕ್ಕೆ ಇಳಿಸಿದವರಿಗೆ ಬಂಡಾಯದ ಉದ್ದೇಶವೇನೂ ಇರಲಿಲ್ಲ, ಬರೆಯಲು ಸುಲಭ, ಬೇಗ ಪದ ಕಟ್ಟಬಹುದು ಅಂತ ಮಾಡಿದ್ದು. ಆ ಐದರಲ್ಲೇ ದಸರ, ಸರ, ಗರಗಸ ಎಲ್ಲ ಆಗುತ್ತದೆ. ಅರಸ ಆಗುತ್ತದೆ, ಅಗಸನೂ ಆಗುತ್ತದೆ. ನಡುವಿನ ಒಂದು ಅಕ್ಷರ ತೆಗೆದು ಇನ್ನೊಂದಿಟ್ಟರೆ ಅರಸನೇ ಅಗಸ. ನಮಗೆ ಕವಿತೆಯ ಹುಚ್ಚು ಹತ್ತಿದ್ದು ಅಲ್ಲೇ ಇರಬೇಕು.

ಮಕ್ಕಳು ಕೂರುವ ಗುಂಪಿಗೆ 'ತಟ್ಟೆ' ಅಂತ ಹೆಸರು. ಮೊದಲನೆಯದರಲ್ಲಿ ಮೇಷ್ಟ್ರು ಪೂರ್ತಿ ನೆರವು ಕೊಡುತ್ತಾರೆ, ಎರಡನೆಯದರಲ್ಲಿ ಅಷ್ಟಿಷ್ಟು. ಮೂರರಲ್ಲಿ, ನಾಲ್ಕರಲ್ಲಿ ಗೆಳೆಯರ ನೆರವು. ಐದರಲ್ಲಿ ತಾನೇ ಕಲಿಯೋದು. ನೋಡಿ, ಜಾತಿ ಬಂದು ಕೂತದ್ದು ಮೂರನೆಯ ತಟ್ಟೆಯಲ್ಲಿ. ಗೊತ್ತಿರುವ ಮಗು ಗೊತ್ತಿಲ್ಲದ ಮಗುವಿನ ಕೈ ಹಿಡಿದು ತಿದ್ದಿಸಬೇಕು. ನಮ್ಮಲ್ಲೊಬ್ಬ ಏಣಿಯಲ್ಲಿ ಮುಂದಿದ್ದ, ಮೇಲಿನ ಬೀದಿಯ ಹುಡುಗ ಹಿಂದಿದ್ದ. ಕೇರಿಯ ಬೆರಳು ಊರಿನ ಬೆರಳನ್ನು ಹಿಡಿದು ಮರಳಲ್ಲಿ 'ಸ' ಬರೆಸಿತು. ಮಕ್ಕಳಿಗೇನು, ಇಬ್ಬರೂ ನಗುತ್ತಿದ್ದರು. ಮೂರನೇ ದಿನಕ್ಕೆ ಹುಡುಗನ ತಾಯಿ ಬಾಗಿಲಲ್ಲಿ.

'ಏನ್ ಮೇಷ್ಟ್ರೇ, ಆ ಕೇರಿ ಹೈದ ನಮ್ ಮಗೀನ್ ಕೈ ಹಿಡ್ಕಂಡ್ ಬರಸ್ತಾನಂತೆ?'

'ಕಾರ್ಡ್‌ನಲ್ಲಿ ಹಂಗೇ ಅದೆ ಕಣವ್ವ' ಅಂದರು ಮೇಷ್ಟ್ರು. ಕೆಟ್ಟವರಲ್ಲ ಅವರು, ಹೆದರಿದವರು. ಮಾರನೆಯ ದಿನ ಆ ಹುಡುಗ ಮೊದಲನೆಯ ತಟ್ಟೆಯಲ್ಲಿದ್ದ. ಏಣಿಯಲ್ಲಿ ಅವನ ಮೆಟ್ಟಿಲು ಅದೇ. ತಟ್ಟೆ ಮಾತ್ರ ಬೇರೆ.

ಮಧ್ಯಾಹ್ನ ಬಿಸಿಯೂಟದ ತಟ್ಟೆಯ ಕಥೆ ಹೇಳಬೇಕಿಲ್ಲ. ನೀವು ಬಲ್ಲಿರಿ.

ವರ್ಷ ತಿರುಗುವುದರೊಳಗೆ ಮೇಲಿನ ಬೀದಿಗೆ ಹಳದಿ ವ್ಯಾನು ಬಂತು. ಮೊದಲು ಗೌಡರ ಮಕ್ಕಳು, ಆಮೇಲೆ ಅಂಗಡಿಯವರ ಮಕ್ಕಳು ಕಾನ್ವೆಂಟಿಗೆ ಹೋದರು. ಇಂಗ್ಲಿಷಿನ ಆಸೆ ಅಂದರು. ಆಸೆ ನಮಗೂ ಇತ್ತು, ವ್ಯಾನಿನ ದುಡ್ಡಿರಲಿಲ್ಲ.

ಡಿಗ್ರಿಗೆಂದು ಪಟ್ಟಣಕ್ಕೆ ಬಂದ ಮೇಲೆ ಬೀದಿಬೀದಿಯಲ್ಲೂ ಮಾಂಟೆಸರಿ ಬೋರ್ಡು ಕಂಡೆವು. ಮಾರಿಯಾ ಮಾಂಟೆಸರಿ ತನ್ನ ಮೊದಲ ಮಕ್ಕಳ ಮನೆ ತೆರೆದದ್ದು 1907ರಲ್ಲಿ, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ. ಕೂಲಿಗೆ ಹೋದವರ ಮಕ್ಕಳು ಬೀದಿಪಾಲಾಗಿದ್ದರು, ಅವರಿಗಾಗಿ. 1939ರಲ್ಲಿ ಆಕೆ ಮದರಾಸಿಗೆ ಬಂದಿಳಿದರು. ಇವತ್ತು ಪಟ್ಟಣದಲ್ಲಿ ಆ ಹೆಸರಿನ ಬಾಗಿಲು ಕಾಯಲು ವಾಚ್‌ಮನ್ ಇದ್ದಾನೆ, ಬಹುಪಾಲು ನಮ್ಮವನೇ. ಒಳಗೆ ಮರದ ದಿಮ್ಮಿ, ಮಣಿಸರ, ಬೆರಳಾಡಿಸಲು ಉಪ್ಪುಕಾಗದದ ಅಕ್ಷರ. ಜೊತೆಗೆ ದಿನನಿತ್ಯದ ಕೆಲಸದ ಪಾಠ: ಪೊರಕೆ ಹಿಡಿದು ಗುಡಿಸೋದು, ಜಗ್ಗಿನಿಂದ ನೀರು ಸುರಿಯೋದು, ಬೂಟಿಗೆ ಪಾಲಿಶ್ ಹಾಕೋದು. ಫೀಜು ಕೊಟ್ಟು ಕಲಿಯುತ್ತಾರೆ. ನಮ್ಮಪ್ಪಂದಿರು ಈ ವಿಷಯದಲ್ಲಿ ಪಿಎಚ್‌ಡಿ ಮಾಡಿದವರು, ಯಾರೂ ಸರ್ಟಿಫಿಕೇಟು ಕೊಡಲಿಲ್ಲ ಅಷ್ಟೆ. ಮಕ್ಕಳ ಕೈಗೆ ಕೆಲಸ ಕೊಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ಅದೇ ಪೊರಕೆ ಒಂದು ಕೈಗೆ ಶಿಕ್ಷಣ, ಇನ್ನೊಂದು ಕೈಗೆ ಹುಟ್ಟಿನ ಶಿಕ್ಷೆ ಆದದ್ದು ಹೇಗೆ ಅಂತ ಕೇಳುತ್ತಿದ್ದೇವೆ.

ಊರಿನ ಶಾಲೆಯಲ್ಲಿ ಈಗ ಉಳಿದಿರುವುದು ನಮ್ಮ ಕೇರಿಯ ಮಕ್ಕಳು ಮಾತ್ರ. ಯಾರ ಕೈ ಯಾರು ಹಿಡಿದರೂ ತಕರಾರಿಲ್ಲ, ತಕರಾರು ಮಾಡುವವರು ವ್ಯಾನು ಹತ್ತಿಯಾಯಿತು. ಮಕ್ಕಳು ಕಮ್ಮಿ, ಪಕ್ಕದೂರಿನ ಶಾಲೆಗೆ ಸೇರಿಸಿಬಿಡ್ತಾರೆ ಅನ್ನುವ ಮಾತು ಎದ್ದಿದೆ. ಪಕ್ಕದೂರಿಗೆ ಹೋಗಲು ಹಳ್ಳ ದಾಟಬೇಕು. ಆರು ವರ್ಷದ ಮಕ್ಕಳು ಮಳೆಗಾಲದಲ್ಲಿ ದಾಟುವ ಹಳ್ಳವಲ್ಲ ಅದು.

ನಾವು ಡಿಗ್ರಿ ಮುಗಿಸಿದ ನಾಲ್ಕು ಜನ ಕೂತು ಅರ್ಜಿ ಬರೆದೆವು. ಕೇರಿಯ ಮನೆಮನೆಯವರೂ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಊರೆಲ್ಲರ ಸಹಿ ಇದ್ದರೆ ತೂಕ ಅಂತ ಮೇಲಿನ ಬೀದಿಗೂ ಹೋದೆವು. ಅವತ್ತು ಶಾಲೆಯ ಬಾಗಿಲಿಗೆ ಬಂದಿದ್ದ ಆ ತಾಯಿ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

'ನಮ್ ಮಕ್ಳು ಅಲ್ಲಿಗ್ ಬರಾಕಿಲ್ವಲ್ಲಪ್ಪ, ನಮ್ ಸಹಿ ಯಾಕೆ?' ಅಂದರು.

ಅಂಗಳದಲ್ಲಿ ನಿಂತೇ ಇನ್ನೊಂದು ಸಲ ಕೇಳಿದೆವು. ಅರ್ಜಿ ಸೋಮವಾರ ತಾಲ್ಲೂಕು ಕಚೇರಿಗೆ ಹೋಗುತ್ತದೆ, ಕೆಳಗೆ ಇನ್ನೂ ಜಾಗ ಬಿಟ್ಟಿದ್ದೇವೆ.